ಹಸಿರು ಕಾಲಿನ ಗುಟ್ಟು ಅಪ್ಪನ ಹತ್ತಿರ

ಪ್ರಶ್ನೆ: ನಾವಿರುವುದು ಓಹಾಯೊದ ಕೊಲಂಬಸ್ ಊರಾಚೆ. ಎರಡು ವರ್ಷದ ಹಿಂದೆ ಹ್ಯಾಚರಿಯೊಂದರಿಂದ ಬಕೈ ಎಂಬ ಕೆಂಪು ಕೋಳಿ ತಳಿಯ ಮರಿಗಳನ್ನು ತರಿಸಿದ್ದೆವು. ಅವುಗಳಲ್ಲಿ ಒಂದು ಹುಂಜ, ಐದು ಹೇಂಟೆ ಉಳಿದಿವೆ. ಕಳೆದ ಚಳಿಗಾಲ ಕೋಳಿ ಸಂತೆಯಲ್ಲಿ ಇನ್ನೊಂದು ಹುಂಜ ಸಿಕ್ಕಿತು. ಮೈ, ಬಣ್ಣ, ಕಾಲು ಎಲ್ಲದರಲ್ಲೂ ಹಳೆಯದಕ್ಕಿಂತ ಚೆನ್ನಾಗಿತ್ತು. ಹಳೆಯದನ್ನು ಬೇರೆ ಗೂಡಿಗೆ ಹಾಕಿ ಹೊಸದನ್ನೇ ಐದು ಹೇಂಟೆಗಳ ಜೊತೆ ಬಿಟ್ಟೆವು. ಏಪ್ರಿಲ್‌ನಲ್ಲಿ 38 ಮರಿಯಾದವು: 17 ಹೆಣ್ಣು, 21 ಗಂಡು. ಈಗ ಹೆಣ್ಣುಗಳಲ್ಲಿ ಆರರ ಕಾಲು ಪಾಚಿ ಹಸಿರಾಗಿದೆ. ಗಂಡುಗಳಲ್ಲಿ ಒಂದಕ್ಕೂ ಹಾಗಾಗಿಲ್ಲ. ತಾಯಿ ಹೇಂಟೆಗಳಲ್ಲಿ ಎರಡರ ಕಾಲು ಮಾತ್ರ ಸುಣ್ಣದ ಹಾಗೆ ಬಿಳಿಚಿಕೊಂಡಿದೆ. ಒಂದು ಎಳೆ ಹುಂಜದ ಬೆರಳುಗಳ ನಡುವೆ ಪುಟ್ಟದೊಂದು ಪುಕ್ಕ ಎದ್ದಿದೆ. ನವೆಂಬರಿನ ಪ್ರದರ್ಶನಕ್ಕೆ ಮಗಳು ಎರಡು ಕೋಳಿ ಒಯ್ಯಬೇಕೆಂದಿದ್ದಾಳೆ. ಬಿಳಿ ಕಾಲಿನ ಎರಡನ್ನೂ ಹಸಿರು ಕಾಲಿನ ಆರನ್ನೂ ತೆಗೆದುಹಾಕಿ, ಗಂಡುಗಳಲ್ಲಿ ಕಾಲು ಎಲ್ಲಕ್ಕಿಂತ ಹಳದಿಯಾಗಿರುವ ಒಂದನ್ನು ಮುಂದಿನ ವರ್ಷದ ಹುಂಜವಾಗಿ ಇಟ್ಟುಕೊಳ್ಳೋಣ ಅಂದುಕೊಂಡಿದ್ದೇವೆ. ಸರಿಯೇ? ಹಳದಿ ಹೆಚ್ಚಲು ಏನು ತಿನ್ನಿಸಬೇಕು?

ಉತ್ತರ: ನಿಮ್ಮ ಯೋಜನೆಯನ್ನು ಪೂರ್ತಿ ತಲೆಕೆಳಗು ಮಾಡಿದರೆ ಸರಿಹೋಗುತ್ತದೆ. ತೆಗೆದುಹಾಕಬೇಕೆಂದಿರುವ ಬಿಳಿ ಕಾಲಿನ ಎರಡು ಹೇಂಟೆಗಳು ಬಹುಶಃ ನಿಮ್ಮ ಹತ್ತಿರ ಇರುವುದರಲ್ಲೇ ಉತ್ತಮವಾದವು. ಹಸಿರು ಕಾಲಿನ ಆರರಲ್ಲಿ ಎರಡಾದರೂ ಮುಂದಿನ ಬೇಸಿಗೆಯವರೆಗೆ ಬೇಕು. ಉಳಿಸಿಕೊಳ್ಳಬೇಕೆಂದಿರುವ ಚಿನ್ನದ ಕಾಲಿನ ಗಂಡುಮಗನಿದ್ದಾನಲ್ಲ, ಅವನನ್ನು ನಂಬಬೇಡಿ.

ಯಾಕೆ ಅನ್ನುವುದಕ್ಕೆ ಮೊದಲು ಕೋಳಿಯ ಕಾಲಿನ ಬಣ್ಣ ಎಲ್ಲಿಂದ ಬರುತ್ತದೆ ಎನ್ನುವುದನ್ನು ನೋಡೋಣ. ಕಣಕಾಲಿನ ಮೇಲೆ ಕಾಣುವುದು ಒಂದು ಬಣ್ಣವಾದರೂ ಅದು ಎರಡು ಪದರಗಳ ಲೆಕ್ಕ. ತೊಗಲಿನಲ್ಲಿ ಕ್ಯಾರೊಟಿನಾಯ್ಡ್ ಎಂಬ ಹಳದಿ ದ್ರವ್ಯ ನಿಂತರೆ ಹಳದಿ, ನಿಲ್ಲದಿದ್ದರೆ ಬಿಳಿ. ಅದರ ಒಳಗಿನ ಪದರದಲ್ಲಿ ಮೆಲನಿನ್ ಎಂಬ ಕಪ್ಪು ಇರಬಹುದು, ಇಲ್ಲದೆಯೂ ಇರಬಹುದು. ಮೇಲೆ ಹಳದಿ, ಒಳಗೆ ಕಪ್ಪಿಲ್ಲ ಅಂದರೆ ಶುದ್ಧ ಹಳದಿ ಕಾಲು. ಬಕೈ, ರೋಡ್ ಐಲೆಂಡ್ ರೆಡ್, ಪ್ಲಿಮತ್ ರಾಕ್ ಎಲ್ಲ ಹೀಗೆ. ಮೇಲೆ ಬಿಳಿ, ಒಳಗೆ ಕಪ್ಪಿಲ್ಲ ಅಂದರೆ ಸಸೆಕ್ಸ್, ಡಾರ್ಕಿಂಗ್ ತಳಿಗಳ ತಿಳಿಗುಲಾಬಿ ಬಿಳುಪು. ಮೇಲೆ ಬಿಳಿ, ಒಳಗೆ ಕಪ್ಪು ಅಂದರೆ ಸ್ಲೇಟಿನ ನೀಲಿ. ಮೇಲೆ ಹಳದಿ, ಒಳಗೆ ಕಪ್ಪು ಅಂದರೆ ಹಸಿರು. ಹಳದಿ ಗಾಜಿನ ಹಿಂದೆ ಕರಿಬಟ್ಟೆ ಹಿಡಿದ ಹಾಗೆ. ಹಸಿರು ಅನ್ನುವ ದ್ರವ್ಯವೇ ಕೋಳಿಯ ಕಾಲಿನಲ್ಲಿಲ್ಲ.

ಇವೆರಡರ ಜೊತೆ ಹುರುಪೆಯ ಮೇಲ್ಮೈಯಲ್ಲೇ ಕೂರುವ ಕಪ್ಪು ಇನ್ನೊಂದಿದೆ. ಕರಿಪುಕ್ಕದ ತಳಿಗಳಲ್ಲಿ ಅದು ಕಣಕಾಲನ್ನೆಲ್ಲ ಮುಚ್ಚಿಬಿಡುವುದರಿಂದ ಅಂಗಾಲು ಎತ್ತಿ ನೋಡಬೇಕಾಗುತ್ತದೆ. ಕರಿ ಜರ್ಸಿ ಜೈಂಟ್‌ನ ಅಂಗಾಲು ಹಳದಿ, ಕರಿ ಆಸ್ಟ್ರಲಾರ್ಪ್‌ನದು ಬಿಳಿ. ದೂರದಿಂದ ಅಣ್ಣ ತಮ್ಮಂದಿರಂತೆ ಕಾಣುವ ಇವೆರಡನ್ನು ಬೇರೆ ಮಾಡುವ ಸುಲಭದ ಗುರುತು ಅದೇ. ಕೆಂಪು ಕೋಳಿ ಸಾಕುವ ನಿಮಗೆ ಈ ಮೂರನೆಯದರ ಕಾಟವಿಲ್ಲ.

ಹಳದಿ ತೊಗಲಿಗೆ ಕಾರಣವಾದ ಜೀನ್ ಅಡಗುವ ಜಾತಿಯದು. ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಣುತ್ತದೆ, ಬಿಳಿಯದು ಒಂದೇ ಬಂದರೂ ಹಳದಿ ಮಾಯ. ಹಾಗಾಗಿ ಹಳದಿ ಕಾಲಿನ ತಳಿ ಸಾಕುವವರು ಅದೃಷ್ಟವಂತರು. ಬಿಳಿ ರಕ್ತ ಬೆರೆತರೆ ಮೊದಲ ತಲೆಮಾರಿನಲ್ಲೇ ಕಣ್ಣಿಗೆ ಬೀಳುತ್ತದೆ, ತೆಗೆದರೆ ಮುಗಿಯಿತು. ಸಸೆಕ್ಸ್ ಸಾಕುವವರ ಪಾಡು ಹಾಗಲ್ಲ. ಅವರಿಗೆ ಬೇಡದ ಹಳದಿ ನಾಲ್ಕಾರು ತಲೆಮಾರು ಬಿಳಿಯ ಕೆಳಗೆ ಬಚ್ಚಿಟ್ಟುಕೊಂಡಿದ್ದು ಒಂದು ದಿನ ದಿಢೀರನೆ ಹೊರಬರುತ್ತದೆ. ಅಮೆರಿಕದ ಮಾರುಕಟ್ಟೆಗೆ ಹಳದಿ ತೊಗಲಿನ ಕೋಳಿ ಇಷ್ಟ, ಇಂಗ್ಲೆಂಡಿನವರಿಗೆ ಬಿಳಿ ತೊಗಲು ಇಷ್ಟ. ಎರಡೂ ದೇಶದ ತಳಿಗಳ ಕಾಲು ಈಗಲೂ ಆ ಅಡುಗೆಮನೆಗಳ ರುಚಿಯನ್ನೇ ಹೇಳುತ್ತವೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ ಒಂದೇ ಎಂಬುದು ಡಾರ್ವಿನ್ ಕಾಲದಿಂದ ಬಂದ ತಿಳಿವಳಿಕೆ. 2008ರಲ್ಲಿ ಸ್ವೀಡನ್ನಿನ ಉಪ್ಸಲಾದ ವಿಜ್ಞಾನಿಗಳ ತಂಡ ಹಳದಿ ತೊಗಲಿನ ಜೀನನ್ನು ಹುಡುಕಿಕೊಂಡು ಹೋದಾಗ ಅದು ಕೆಂಪು ಕಾಡುಕೋಳಿಯದಲ್ಲ, ಬಹುಮಟ್ಟಿಗೆ ಬೂದು ಕಾಡುಕೋಳಿಯಿಂದ ಬಂದದ್ದು ಎಂದು ತಿಳಿಯಿತು. ನಮ್ಮ ಪಶ್ಚಿಮ ಘಟ್ಟದ ದಾರಿಗಳಲ್ಲಿ ಬೆಳಗಿನ ಜಾವ ಕೂಗಿ ಪೊದೆಗೆ ನುಗ್ಗುತ್ತದಲ್ಲ, ಅದೇ ಕೋಳಿ. ಕೊಲಂಬಸ್‌ನ ನಿಮ್ಮ ಹಿತ್ತಲಿನ ಕೋಳಿಯ ಕಾಲಿನಲ್ಲಿ ಇರುವುದು ಆ ಹಕ್ಕಿಯ ಸಾಲ.

ಇನ್ನು ನಿಮ್ಮ ಹಸಿರಿನ ವಿಷಯ. ಒಳಪದರದ ಕಪ್ಪನ್ನು ತಡೆಯುವ ಜೀನ್ ಒಂದಿದೆ, ತಳಿಶಾಸ್ತ್ರದವರು ಅದನ್ನು 'ಐಡಿ' ಅನ್ನುತ್ತಾರೆ. ನಾವು ತಡೆಗಾರ ಅನ್ನೋಣ. ತಡೆಗಾರ ಒಬ್ಬನಿದ್ದರೂ ಸಾಕು, ಕಪ್ಪು ಬರುವುದಿಲ್ಲ. ಅವನು ಕೂತಿರುವ ಜಾಗವೇ ಮುಖ್ಯ. ಅದು ಲಿಂಗ ನಿರ್ಧರಿಸುವ ಝಡ್ ಕ್ರೋಮೋಸೋಮ್. ಮನುಷ್ಯರಲ್ಲಿ ಗಂಡಿಗೆ ಎಕ್ಸ್ ವೈ, ಹೆಣ್ಣಿಗೆ ಎರಡು ಎಕ್ಸ್. ಕೋಳಿಯಲ್ಲಿ ತಿರುವುಮುರುವು. ಹುಂಜಕ್ಕೆ ಎರಡು ಝಡ್, ಹೇಂಟೆಗೆ ಒಂದು ಝಡ್ ಒಂದು ಡಬ್ಲ್ಯೂ. ತಾಯಿ ತನ್ನ ಒಂದೇ ಝಡ್ಡನ್ನು ಗಂಡುಮಕ್ಕಳಿಗೆ ಕೊಡುತ್ತಾಳೆ. ಹೆಣ್ಣುಮಕ್ಕಳಿಗೆ ಝಡ್ ಬರುವುದು ಅಪ್ಪನಿಂದ ಮಾತ್ರ.

ಹಾಗಾದರೆ ಹೆಣ್ಣುಮರಿಯ ಕಾಲು ಹಸಿರಾಯಿತೆಂದರೆ ದೂರು ಯಾರ ಮೇಲೆ? ಅಪ್ಪನ ಮೇಲೆ, ಪೂರ್ತಿಯಾಗಿ. ಸಂತೆಯಿಂದ ತಂದ ಹುಂಜದ ಎರಡು ಝಡ್‌ಗಳಲ್ಲಿ ಒಂದರಲ್ಲಿ ತಡೆಗಾರನಿದ್ದಾನೆ, ಇನ್ನೊಂದು ಖಾಲಿ. ಒಬ್ಬನಿದ್ದರೂ ಸಾಕಲ್ಲ, ಅದಕ್ಕೇ ಹುಂಜದ ಸ್ವಂತ ಕಾಲು ಚೊಕ್ಕ ಹಳದಿ. ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧಕ್ಕೆ ಖಾಲಿ ಝಡ್ ಹೋಗುತ್ತದೆ, ಅವುಗಳ ಕಾಲು ಹಸಿರಾಗುತ್ತದೆ. 17ರಲ್ಲಿ ಎಂಟು ಒಂಬತ್ತು ಬರಬಹುದಿತ್ತು, ಆರು ಬಂದಿವೆ. ಲೆಕ್ಕಕ್ಕೆ ಹತ್ತಿರವೇ. ಗಂಡುಗಳಲ್ಲಿ ಒಂದೂ ಹಸಿರಿಲ್ಲ ಎಂದು ನೀವು ಬರೆದ ಸಾಲೇ ನನಗೆ ಸಾಕ್ಷಿ. ಗಂಡುಮಕ್ಕಳಿಗೆಲ್ಲ ತಾಯಂದಿರಿಂದ ತಡೆಗಾರ ಸಿಕ್ಕಿದ್ದಾನೆ, ಹಾಗಾಗಿ ಎಲ್ಲರ ಕಾಲೂ ಹಳದಿ. ಆದರೆ ಅವರಲ್ಲೂ ಅರ್ಧದಷ್ಟು ಮಂದಿ ಅಪ್ಪನ ಹಾಗೆ ಇನ್ನೊಂದು ಝಡ್ಡನ್ನು ಖಾಲಿ ಹೊತ್ತಿದ್ದಾರೆ. ಯಾರು ಹೊತ್ತಿದ್ದಾರೆ, ಯಾರು ಇಲ್ಲ ಅನ್ನುವುದು ಹೊರಗಿನಿಂದ ತಿಳಿಯುವುದಿಲ್ಲ. ಕಾಲು ಎಷ್ಟು ಕಡುಹಳದಿ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಹೇಂಟೆಯ ವಿಷಯದಲ್ಲಿ ಮೋಸವಿಲ್ಲ. ಇರುವುದು ಒಂದೇ ಝಡ್, ಅದರಲ್ಲಿ ತಡೆಗಾರನಿದ್ದರೆ ಹಳದಿ, ಇಲ್ಲದಿದ್ದರೆ ಹಸಿರು. ಬಚ್ಚಿಡಲು ಜಾಗವೇ ಇಲ್ಲ. ಆದ್ದರಿಂದ ಆ ಹುಂಜದ ಮಕ್ಕಳೇ ಆದರೂ ಹಳದಿ ಕಾಲಿನ 11 ಹೆಣ್ಣುಗಳು ಈ ದೋಷದಿಂದ ಸಂಪೂರ್ಣ ಮುಕ್ತ. ಅವುಗಳನ್ನು ನಿಶ್ಚಿಂತೆಯಿಂದ ಬಳಸಿ. ಇದು ಬಹಳ ಜನಕ್ಕೆ ಒಗ್ಗದ ಮಾತು. ಕೆಟ್ಟ ಅಪ್ಪನ ಮಕ್ಕಳೆಂದು ಹೆಣ್ಣುಗಳನ್ನು ಮಾರಿ, ನೋಡಲು ಚೆಂದವೆಂದು ಗಂಡೊಂದನ್ನು ಉಳಿಸಿಕೊಳ್ಳುತ್ತಾರೆ. ನಾನೂ ಒಮ್ಮೆ ಮಾಡಿದ್ದೇನೆ. ಹಸಿರು ಕಾಲಿನ ನಾಲ್ಕು ಹೆಣ್ಣುಗಳನ್ನು ಕೊಟ್ಟುಬಿಟ್ಟು ದೋಷ ತೊಳೆದೆ ಅಂದುಕೊಂಡು, ಅವುಗಳ ಅಣ್ಣನೊಬ್ಬನನ್ನು ಎರಡು ವರ್ಷ ಬಳಸಿದೆ. ಮೊದಲ ವರ್ಷ ಮೊಟ್ಟೆಗಳನ್ನು ಕಡಿಮೆ ಇಟ್ಟಿದ್ದರಿಂದ ಬಂದ ಹೆಣ್ಣುಮರಿ ಮೂರೇ, ಮೂರೂ ಹಳದಿ. ಗೆದ್ದೆ ಅಂದುಕೊಂಡೆ. ಎರಡನೆಯ ವರ್ಷ ಹನ್ನೆರಡು ಹೆಣ್ಣು, ಅದರಲ್ಲಿ ಏಳು ಹಸಿರು. ಅಷ್ಟರಲ್ಲಿ ಅವನ ಗಂಡುಮಕ್ಕಳು ಇಬ್ಬರು ಗೆಳೆಯರ ಗೂಡು ಸೇರಿಯಾಗಿತ್ತು. ಫೋನು ಮಾಡಿ ಹೇಳಬೇಕಾದ ಆ ಸಂಜೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬಕೈ ತಳಿಯಲ್ಲಿ ಹಸಿರು ಕಾಲು ಹೊಸ ಕಥೆಯೂ ಅಲ್ಲ. ತಳಿ ಹುಟ್ಟಿದ್ದು ನಿಮ್ಮ ರಾಜ್ಯದಲ್ಲೇ, ವಾರೆನ್ ಎಂಬ ಊರಿನಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಕಟ್ಟಿದವರು ನೆಟ್ಟಿ ಮೆಟ್‌ಕಾಫ್ ಎಂಬ ಮಹಿಳೆ. ಬಫ್ ಕೊಚಿನ್ ಹುಂಜವನ್ನು ಬಾರ್ಡ್ ಪ್ಲಿಮತ್ ರಾಕ್ ಹೇಂಟೆಗಳಿಗೆ ಬಿಟ್ಟರು. ಬಂದ ಕೋಳಿಗಳು ದೊಡ್ಡವು, ಆದರೆ ಸೋಮಾರಿಗಳು. ಅವಕ್ಕೆ ಚುರುಕು ತರಲು ಎದೆ ಕಪ್ಪಗಿನ ಕೆಂಪು ಗೇಮ್, ಅಂದರೆ ಕಾಳಗದ ತಳಿಯ ಹುಂಜವನ್ನು ತಂದರು. ಆ ಗೇಮ್ ಕೋಳಿಗಳಿಗೆ ಹಸಿರು ಕಾಲೇ ಸರಿಯಾದ ಕಾಲು. ಕೊಚಿನ್‌ಗೆ ಕಾಲ ತುಂಬ ಪುಕ್ಕ. ಮೊದಮೊದಲು ಬಂದ ಕೆಂಪು ಮರಿಗಳಲ್ಲಿ ಹಸಿರು ಕಾಲಿನವೂ ಪುಕ್ಕದ ಕಾಲಿನವೂ ಇದ್ದುವೆಂದು ಆಕೆಯೇ ಬರೆದಿದ್ದಾರೆ. ಅದನ್ನೆಲ್ಲ ಆಯ್ದು ತೆಗೆದು, ಓಹಾಯೊದ ಬಕೈ ಮರದ ಬೀಜದ ಮೆರುಗಿನ ಕಂದುಗೆಂಪು ಬಣ್ಣ ಕೂಡಿಸಿ, 1904ರಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ನಿನ ಮಾನದಂಡದ ಪುಸ್ತಕಕ್ಕೆ ಸೇರಿಸಿದರು. ನಿಮ್ಮ ಪತ್ರದಲ್ಲಿರುವ ಹಸಿರು ಕಾಲು ಮತ್ತು ಬೆರಳ ನಡುವಿನ ಪುಕ್ಕ, ಎರಡೂ ಆಕೆ ಎದುರಿಸಿದ ತೊಂದರೆಗಳೇ. ನಿಮ್ಮ ಹುಂಜಕ್ಕೆ ಆ ಹಳೆಯ ರಕ್ತದಿಂದಲೇ ಬಂತೋ, ಈಚೆಗೆ ಯಾರೋ ಬೇರೆ ತಳಿ ಬೆರೆಸಿದರೋ, ಕಾಲು ನೋಡಿ ಹೇಳಲಾಗದು. ಪರಿಹಾರ ಎರಡಕ್ಕೂ ಒಂದೇ.

ಬಿಳಿಚಿಕೊಂಡ ಎರಡು ಹೇಂಟೆಗಳ ವಿಚಾರಕ್ಕೆ ಬರುತ್ತೇನೆ. ಹೇಂಟೆ ಮೊಟ್ಟೆಗೆ ಬಂದಮೇಲೆ ತಿಂದ ಹಳದಿಯೆಲ್ಲ ಮೊಟ್ಟೆಯೊಳಗಿನ ಹಳದಿ ಭಂಡಾರಕ್ಕೆ ಹೋಗುತ್ತದೆ. ತೊಗಲಿಗೆ ಹೊಸದು ಬರುವುದಿಲ್ಲ, ಇದ್ದದ್ದು ಇಳಿಯುತ್ತ ಹೋಗುತ್ತದೆ. ಇಳಿಯುವುದಕ್ಕೂ ಒಂದು ಕ್ರಮವಿದೆ: ಮೊದಲು ಮೊಟ್ಟೆ ಬರುವ ದ್ವಾರದ ಸುತ್ತ, ಆಮೇಲೆ ಕಣ್ಣಿನ ಅಂಚು, ಕೊಕ್ಕು, ಅಂಗಾಲು, ಎಲ್ಲಕ್ಕೂ ಕೊನೆಗೆ ಕಣಕಾಲು. ಕಣಕಾಲು ಬಿಳಿಚಲು ನಾಲ್ಕೈದು ತಿಂಗಳು ಬಿಡದೆ ಮೊಟ್ಟೆ ಇಟ್ಟಿರಬೇಕು. ಪುಕ್ಕ ಉದುರಿಸಿ ಮೊಟ್ಟೆ ನಿಲ್ಲಿಸಿದಾಗ ಅದೇ ಕ್ರಮದಲ್ಲಿ ಹಳದಿ ಮರಳುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಐದರಲ್ಲಿ ಎರಡು ಬಿಳಿಚಿವೆ, ಮೂರು ಇನ್ನೂ ಹಳದಿ ಅಂದರೆ ನಿಮ್ಮ ಮೊಟ್ಟೆ ಬುಟ್ಟಿ ತುಂಬಿಸಿದವರು ಯಾರು ಎನ್ನುವುದು ಗೊತ್ತಾಯಿತಲ್ಲ. ತೆಗೆಯುವುದಾದರೆ ಹಳದಿಯಾಗೇ ಉಳಿದ ಮೂರರ ಮೇಲೆ ಮೊದಲು ಅನುಮಾನ ಪಡಿ.

ಈ ಬಿಳುಪು ನಿಜವಾಗಿಯೂ ಮೊಟ್ಟೆಯದೇ, ರಕ್ತದ್ದಲ್ಲವೇ ಎಂಬ ಪ್ರಶ್ನೆಗೆ ನಿಮ್ಮ ಮರಿಗಳೇ ಉತ್ತರ ಕೊಟ್ಟಿವೆ. ತಾಯಿಯಲ್ಲಿ ಬಿಳಿ ತೊಗಲಿನ ಜೀನ್ ಇದ್ದಿದ್ದರೆ ಅವಳ ಅರ್ಧ ಮಕ್ಕಳ ಕಾಲು ಬಿಳಿ ಅಥವಾ ಸ್ಲೇಟಿನ ನೀಲಿ ಆಗುತ್ತಿತ್ತು. 38ರಲ್ಲಿ ಒಂದೂ ಹಾಗಿಲ್ಲ. ಹಸಿರು ಕಾಲು ಕೂಡ ಹಳದಿ ತೊಗಲಿಗೇ ಸಾಕ್ಷಿ. ಇನ್ನೊಂದು ಸೂಕ್ಷ್ಮ ಇದೆ. ಮೊಟ್ಟೆ ಇಡುತ್ತ ಇಳಿಯುವುದು ಹಳದಿ ಮಾತ್ರ, ಒಳಗಿನ ಕಪ್ಪು ಅಲ್ಲ. ಹಸಿರು ಕಾಲಿನ ಹೇಂಟೆ ಐದಾರು ತಿಂಗಳು ಮೊಟ್ಟೆ ಇಟ್ಟರೆ ಅದರ ಕಾಲು ನೀಲಿಗೆ ತಿರುಗುತ್ತದೆಯೇ ಹೊರತು ಬಿಳಿಯಾಗುವುದಿಲ್ಲ. ನಿಮ್ಮ ಎರಡು ಹೇಂಟೆಗಳು ಸುಣ್ಣದ ಹಾಗೆ ಬಿಳಿಚಿವೆ ಅಂದಿರಿ. ಅಂದಮೇಲೆ ಅವುಗಳಲ್ಲಿ ತಡೆಗಾರನೂ ಇದ್ದಾನೆ, ಹಳದಿಯೂ ಇದೆ. ಚೊಕ್ಕ ಬಕೈ.

ಕಾಲು ಪೇಲವವಾದಾಗ ನಾನು ಮೊದಲು ನೋಡುವುದು ಅದೇ ಗೂಡಿನ, ಅದೇ ಮೇವು ತಿನ್ನುವ ಹುಂಜವನ್ನು. ಅದು ಮೊಟ್ಟೆ ಇಡುವುದಿಲ್ಲವಾದ್ದರಿಂದ ಅದರ ಕಾಲು ಮೇವಿನ ಕನ್ನಡಿ. ಹುಂಜ ಹಳದಿ, ಹೇಂಟೆ ಬಿಳಿ ಅಂದರೆ ಮೊಟ್ಟೆ ಕಾರಣ. ಎಲ್ಲವೂ ಪೇಲವ ಅಂದರೆ ಮೇವು. ಮೊಟ್ಟೆಗೆ ಬರದ ಎಳೆಯವುಗಳಲ್ಲಿ ಒಂದೆರಡು ಮಾತ್ರ ಪೇಲವ, ಜೊತೆಗೆ ಮಂಕಾಗಿವೆ ಅಂದರೆ ಹೊಟ್ಟೆಹುಳು ಅಥವಾ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಇರಬಹುದು. ಕರುಳು ಕೆಟ್ಟರೆ ಹಳದಿ ದ್ರವ್ಯ ಮೈಗೆ ಹತ್ತುವುದಿಲ್ಲ. ಹಿಕ್ಕೆಯನ್ನು ಪರೀಕ್ಷೆಗೆ ಕಳಿಸಿ.

ಮೇವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವಿರುವುದೇ ಜೋಳದ ನಾಡಿನಲ್ಲಿ. ಹಳದಿ ಮೆಕ್ಕೆಜೋಳ, ಹಸಿರು ಹುಲ್ಲು, ಕುದುರೆಮೆಂತ್ಯದ ಪುಡಿ ಸಾಕು. ಗೋಧಿ, ನುಚ್ಚಕ್ಕಿ, ರಾಗಿ ಹೆಚ್ಚಾದರೆ ಕಾಲು ಪೇಲವವಾಗುತ್ತದೆ. ಚೆಂಡುಹೂವಿನ ಎಸಳು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಗುಂಡ್ಲುಪೇಟೆ ಕಡೆ ಎಕರೆಗಟ್ಟಲೆ ಚೆಂಡುಹೂ ಬೆಳೆದು ಬಣ್ಣ ತೆಗೆಯುವ ಕಾರ್ಖಾನೆಗೆ ಕೊಡುತ್ತಾರಲ್ಲ, ಆ ಬಣ್ಣ ಸೇರುವ ಜಾಗಗಳಲ್ಲಿ ಕೋಳಿ ಮೇವೂ ಒಂದು. ಕ್ಯಾರೆಟ್ ತುರಿದು ಹಾಕುವುದು ವ್ಯರ್ಥ. ಅದರ ಬಣ್ಣದ ದ್ರವ್ಯವನ್ನು ಕೋಳಿ ಹೆಚ್ಚಾಗಿ ಎ ಜೀವಸತ್ವವಾಗಿ ಮಾಡಿಕೊಳ್ಳುತ್ತದೆ, ಕಾಲಿಗೆ ಕಳಿಸುವುದಿಲ್ಲ. ನಮ್ಮವರು ಕೆಲವರು ಅರಿಶಿನ ಕಲಸುವುದನ್ನೂ ಕಂಡಿದ್ದೇನೆ. ಅರಿಶಿನದ ಹಳದಿ ಕ್ಯಾರೊಟಿನಾಯ್ಡ್ ಜಾತಿಯದಲ್ಲವೇ ಅಲ್ಲ. ಕಾಲಿಗೇ ಅರಿಶಿನ ಹಚ್ಚಿ ಒಯ್ದರೆ ಅದು ಶೃಂಗಾರವಲ್ಲ, ವಂಚನೆ. ಬಣ್ಣ ಹಚ್ಚಿದ್ದು ಗೊತ್ತಾದರೆ ಕೋಳಿಯನ್ನು ಹೊರಗೆ ಹಾಕುತ್ತಾರೆ. ಯಾವ ಮೇವೂ ಹಸಿರನ್ನು ಮುಚ್ಚುವುದಿಲ್ಲ. ಹಳದಿ ಹೆಚ್ಚಾದಷ್ಟೂ ಹಸಿರು ಇನ್ನಷ್ಟು ಗಾಢವಾಗುತ್ತದೆ ಅಷ್ಟೆ.

ಬೆರಳ ನಡುವೆ ಪುಕ್ಕ ಬಂದ ಎಳೆ ಹುಂಜ ಪ್ರದರ್ಶನಕ್ಕೂ ಬೇಡ, ತಳಿಗೂ ಬೇಡ. ಬರಿಗಾಲಿನ ತಳಿಯಲ್ಲಿ ಕಣಕಾಲಿನ ಮೇಲಾಗಲಿ ಬೆರಳ ನಡುವಾಗಲಿ ಮೊಳಕೆ ಪುಕ್ಕ ಕಂಡರೆ ನೇರ ಅನರ್ಹ. ಕಿತ್ತು ಒಯ್ಯುವವರಿದ್ದಾರೆ. ನುರಿತ ತೀರ್ಪುಗಾರ ಬೆರಳು ಅಗಲಿಸಿ ನೋಡುತ್ತಾನೆ, ಕಿತ್ತ ಕುಳಿ ಸಿಗುತ್ತದೆ. ಇದನ್ನು ಮರಿ ಹುಟ್ಟಿದ ದಿನವೇ ಹಿಡಿಯಬಹುದು. ಮರಿ ಒಣಗಿದ ಮೇಲೆ ಕಾಲನ್ನು ಬೆಳಕಿಗೆ ಹಿಡಿದು ಹೊರಬೆರಳ ಬದಿಯಲ್ಲಿ ನವಿರು ಇದೆಯೇ ನೋಡಿ. ಹಸಿರು ಮಾತ್ರ ಆ ದಿನ ಕಾಣುವುದಿಲ್ಲ. ಅದು ನಿಧಾನವಾಗಿ ಬರುವಂಥದ್ದು, ಹತ್ತು ಹನ್ನೆರಡು ವಾರ ಕಾಯಬೇಕು. ಆರು ವಾರದ ಮರಿಗಳ ಕಾಲು ನೋಡಿ ಎಲ್ಲ ಸರಿಯಿದೆ ಎಂದು ಮಾರುವವರು ಸುಳ್ಳು ಹೇಳುತ್ತಿಲ್ಲದಿರಬಹುದು, ಅವರಿಗೇ ಇನ್ನೂ ಗೊತ್ತಾಗಿರುವುದಿಲ್ಲ.

ಈಗ ಮುಂದಿನ ವರ್ಷದ ಲೆಕ್ಕ. ನಿಮ್ಮ ಹಳೆಯ ಹುಂಜ ಇನ್ನೂ ಇದೆ, ಅದೇ ನಿಮ್ಮ ಪುಣ್ಯ. ಅದರ ಮರಿ ನೀವು ಇನ್ನೂ ನೋಡಿಲ್ಲ, ಹಾಗಾಗಿ ಅದರ ಎರಡು ಝಡ್‌ಗಳಲ್ಲೂ ತಡೆಗಾರ ಇದ್ದಾನೆಯೇ ಎಂದು ತಿಳಿಯಬೇಕು. ಹಳದಿ ಹೇಂಟೆಗೆ ಬಿಟ್ಟರೆ ಹೆಣ್ಣುಮರಿಗಳು ಮಾತ್ರ ಗುಟ್ಟು ಹೇಳುತ್ತವೆ. ಹಸಿರು ಕಾಲಿನ ಹೇಂಟೆಗೆ ಬಿಟ್ಟರೆ ಗಂಡು ಹೆಣ್ಣು ಎರಡೂ ಹೇಳುತ್ತವೆ, ಯಾಕೆಂದರೆ ತಾಯಿ ಕೊಡುವ ಝಡ್ ಖಾಲಿ. ಹುಂಜದಲ್ಲಿ ದೋಷವಿದ್ದರೆ ಮರಿಗಳಲ್ಲಿ ಅರ್ಧ ಹಸಿರಾಗಬೇಕು. ಎಂಟು ಮರಿ ಬೆಳೆದು ಎಂಟೂ ಹಳದಿಯಾದರೆ ದೋಷವಿದ್ದೂ ತಪ್ಪಿಸಿಕೊಂಡಿರುವ ಸಾಧ್ಯತೆ 256ರಲ್ಲಿ ಒಂದು. ನನಗೆ ಅಷ್ಟು ಸಾಕು. ಆರು ಹಸಿರು ಹೆಣ್ಣುಗಳಲ್ಲಿ ಎರಡನ್ನು ಉಳಿಸಿಕೊಳ್ಳಿ ಅಂದದ್ದು ಇದಕ್ಕೇ. ಉಳಿದ ನಾಲ್ಕು ಮೊಟ್ಟೆಗೆ ಬೇಕಾದವರಿಗೆ ಹೋಗಲಿ. ತಳಿಗೆ ಬಳಸಬೇಡಿ ಎಂದು ಬಾಯಿಬಿಟ್ಟು ಹೇಳಿ ಕೊಡಿ.

ಹೆಣ್ಣುಗಳನ್ನು ಅಣ್ಣ ತಮ್ಮಂದಿರಿಂದ ಈಗಲೇ ಬೇರ್ಪಡಿಸಿ. ಹುಂಜ ಬದಲಾದ ಮೇಲೂ ಹೇಂಟೆಯ ಮೈಯಲ್ಲಿ ಹಳೆಯ ಹುಂಜದ ವೀರ್ಯ ಎರಡು ಮೂರು ವಾರ ಉಳಿದಿರುತ್ತದೆ. ಮೂರು ವಾರ ಕಳೆಯದೆ ಎತ್ತಿದ ಮೊಟ್ಟೆಯನ್ನು ಕಾವಿಗೆ ಇಟ್ಟರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಜನವರಿಯಿಂದ ಗೂಡಿನಲ್ಲಿ ದೀಪ ಹಾಕಿ ಬೆಳಕು 14 ಗಂಟೆಗೆ ಏರಿಸಿದರೆ ಫೆಬ್ರುವರಿಗೆ ಕಾವಿಗೆ ಇಡುವಷ್ಟು ಮೊಟ್ಟೆ ಸಿಗುತ್ತವೆ. 21 ದಿನಕ್ಕೆ ಮರಿ, ಮೇ ಕೊನೆಗೆ ಕಾಲಿನ ತೀರ್ಪು. ಆದರೆ ಮುಖ್ಯ ಮರಿಗಳನ್ನು ಮೇವರೆಗೆ ತಡೆದರೆ ವರ್ಷವೇ ಹೋಯಿತು. ಅದಕ್ಕೆ ಎರಡೂ ಕೆಲಸ ಒಟ್ಟಿಗೆ ನಡೆಯಲಿ. ಹಸಿರು ಹೇಂಟೆಗಳನ್ನು ಒಂದು ಗೂಡಿನಲ್ಲಿ, ಆಯ್ದ ಹಳದಿ ಹೇಂಟೆಗಳನ್ನು ಇನ್ನೊಂದರಲ್ಲಿ ಇಟ್ಟು, ಹುಂಜವನ್ನು ಎರಡೆರಡು ದಿನಕ್ಕೆ ಗೂಡು ಬದಲಿಸಿ. ಮರಿಯಾದ ದಿನವೇ ಬೆರಳ ನಡುವಿನ ಪೊರೆಗೆ ತೂತು ಹೊಡೆದು ಗುರುತು ಮಾಡಿ. ಎರಡು ಕಾಲಿಗೆ ಒಟ್ಟು ನಾಲ್ಕು ಪೊರೆ, ತೂತು ಇರುವ ಇಲ್ಲದಿರುವ ಲೆಕ್ಕದಲ್ಲಿ 16 ಗುರುತು ಸಿಗುತ್ತವೆ, ಚಿಕ್ಕ ಸಾಕಣೆಗೆ ಧಾರಾಳ. ಹುಂಜ ಪರೀಕ್ಷೆಯಲ್ಲಿ ಸೋತಿತು ಅನ್ನಿ. ಆಗಲೂ ಮುಖ್ಯ ಗೂಡಿನ ಹಳದಿ ಹೆಣ್ಣುಮರಿಗಳು ನಿಮ್ಮ ಕೈಯಲ್ಲಿ ಉಳಿಯುತ್ತವೆ, ಗಂಡುಗಳು ಮಾತ್ರ ಅಡುಗೆಮನೆಗೆ. ಹೊಸ ಹುಂಜವನ್ನು ಕೊಳ್ಳುವುದಾದರೆ ಸಂತೆ ಬೇಡ. ವರ್ಷಗಟ್ಟಲೆ ಇದೊಂದೇ ತಳಿ ಸಾಕಿದವರ ಮನೆಗೆ ಹೋಗಿ, ಹುಂಜವನ್ನಲ್ಲ, ಅದರ ಹೆಣ್ಣುಮಕ್ಕಳನ್ನು ತೋರಿಸಿ ಅನ್ನಿ.

ಪರೀಕ್ಷೆಗೆಂದು ಮಾಡಿದ ಮರಿಗಳನ್ನು ಹಳದಿ ಬಂತೆಂದು ಉಳಿಸಿಕೊಳ್ಳಬೇಡಿ. ಅವುಗಳಲ್ಲಿ ಗಂಡು ಪ್ರತಿಯೊಂದೂ ತಾಯಿಯ ಖಾಲಿ ಝಡ್ ಹೊತ್ತಿರುತ್ತದೆ.

ಇಷ್ಟು ಹೊತ್ತು ಕಾಲಿನ ಮಾತೇ ಆಯಿತು. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು 'ಕಾಲು ಎಲ್ಲಕ್ಕಿಂತ ಹಳದಿಯಾಗಿರುವ ಗಂಡು' ಎನ್ನುವ ಮಾತು. ಮೊದಲು ಕೊಟ್ಟಿಗೆ ಕಟ್ಟು, ಆಮೇಲೆ ಬಣ್ಣ ಬಳಿ ಎಂದು ಇಲ್ಲಿನ ಹಳೆಯ ಸಾಕಣೆದಾರರು ಹೇಳುತ್ತಾರೆ. ಬಕೈ ಮೈತುಂಬಿದ ಕೋಳಿ, ಗೇಮ್ ರಕ್ತದ ತೊಡೆ, ಅಗಲ ಭುಜ, ಬಾಲದ ಕಡೆ ಇಳಿಜಾರಾದ ಬೆನ್ನು. ಬೆನ್ನು ಹಲಗೆಯಂತೆ ನೆಟ್ಟಗಿದ್ದು ಮೈ ಇಟ್ಟಿಗೆಯಂತಿದ್ದರೆ ಅದು ರೋಡ್ ಐಲೆಂಡ್ ರೆಡ್ ಕಡೆ ವಾಲಿದೆ ಅಂತ. ಜುಟ್ಟು ಬಟಾಣಿ ಜುಟ್ಟು, ಮೂರು ಸಾಲಾಗಿ ನೆತ್ತಿಗೆ ಅಂಟಿಕೊಂಡಿರಬೇಕು. ಓಹಾಯೊ ಚಳಿಗೆ ಅದು ಹೆಪ್ಪುಗಟ್ಟಿ ಕಪ್ಪಾಗುವುದು ಕಡಿಮೆ. ಬೆನ್ನಿನ ಪುಕ್ಕ ಬಿಡಿಸಿ ನೋಡಿದರೆ ಬುಡದ ಬಳಿ ಬೂದು ಪಟ್ಟೆ ಕಾಣಬೇಕು, ಅದು ಈ ತಳಿಯದೇ ಗುರುತು, ದೋಷ ಎಂದು ತೆಗೆಯಬೇಡಿ. ಮಾನದಂಡದಲ್ಲಿ ಬೆಳೆದ ಹುಂಜ 9 ಪೌಂಡ್, ಅಂದರೆ ಸುಮಾರು 4.1 ಕಿಲೊ, ಹೇಂಟೆ ಆರೂವರೆ ಪೌಂಡ್. ಎಳೆಯದಾದರೆ ಹುಂಜಕ್ಕೆ 8, ಹೇಂಟೆಗೆ ಐದೂವರೆ. ಹ್ಯಾಚರಿ ಮೂಲದವು ಎಷ್ಟೋ ಸಲ ಈ ತೂಕ ಮುಟ್ಟುವುದಿಲ್ಲ. 2005ರಲ್ಲಿ ಉತ್ತರ ಕ್ಯಾರೊಲಿನಾದ ಪಿಟ್ಸ್‌ಬರೋದಲ್ಲಿರುವ ದೇಸಿ ತಳಿ ಸಂರಕ್ಷಣೆ ಸಂಸ್ಥೆ ಇದೇ ಬಕೈ ತಳಿಯನ್ನು ಮತ್ತೆ ಮೈಗೂಡಿಸುವ ಕೆಲಸಕ್ಕೆ ಕೈಹಾಕಿದಾಗ ಮಾಡಿದ್ದು ಏನೆಂದರೆ ಪ್ರತಿ ಕೋಳಿಯನ್ನೂ ಕೈಯಲ್ಲಿ ಹಿಡಿದು ತಲೆಯ ಅಗಲ, ಬೆನ್ನಿನ ಅಗಲ, ಎದೆಮೂಳೆಯ ಉದ್ದ ನೋಡಿ ತೂಗಿ ಆರಿಸುವುದು. ನೀವೂ ಹಾಗೇ ಮಾಡಿ. 11 ಹಳದಿ ಹೆಣ್ಣುಗಳ ಬೆನ್ನಿನ ಮೇಲೆ ಅಂಗೈ ಅಡ್ಡ ಇಟ್ಟು ನೋಡಿ, ತೂಗಿ ಬರೆದಿಡಿ, ಅಗಲದಲ್ಲಿ ತೂಕದಲ್ಲಿ ಮುಂದಿರುವ ನಾಲ್ಕು ಉಳಿಯಲಿ. ಕಾಲಿನ ಹಳದಿ ತುಸು ತಿಳಿಯಾಗಿದ್ದರೆ ಬಿಡಿ. ಹಸಿರನ್ನು ಎರಡು ವರ್ಷದಲ್ಲಿ ತೆಗೆಯಬಹುದು, ಕಿರಿದಾದ ಮೈಯನ್ನು ಅಗಲ ಮಾಡಲು ಹತ್ತು ವರ್ಷ ಬೇಕು.

ನವೆಂಬರಿಗೆ ಮಗಳು ಏನು ಒಯ್ಯಬೇಕು? ಒಂದು ಎಳೆ ಹೇಂಟೆ, ಒಂದು ಎಳೆ ಹುಂಜ. ಏಪ್ರಿಲ್ ಮರಿಗಳು ಆ ಹೊತ್ತಿಗೆ ಮೊಟ್ಟೆಯ ಹೊಸ್ತಿಲಲ್ಲಿರುತ್ತವೆ, ಕಾಲಿನ ಹಳದಿ ಇನ್ನೂ ಖರ್ಚಾಗಿರುವುದಿಲ್ಲ, ಇದಕ್ಕಿಂತ ಒಳ್ಳೆಯ ವಯಸ್ಸಿಲ್ಲ. ಹುಂಜದ ವಿಷಯದಲ್ಲಿ ಒಂದು ಸಮಾಧಾನ: ತೀರ್ಪುಗಾರ ಕಾಣುವ ಕಾಲನ್ನು ನೋಡುತ್ತಾನೆ, ಝಡ್ಡನ್ನಲ್ಲ. ನೀವು ಮೆಚ್ಚಿದ ಆ ಚಿನ್ನದ ಕಾಲಿನ ಹುಂಜಕ್ಕೆ ಮೈಕಟ್ಟೂ ಇದ್ದರೆ ಪ್ರದರ್ಶನಕ್ಕೆ ಒಯ್ಯಲು ಅಡ್ಡಿಯಿಲ್ಲ, ಗೆದ್ದರೂ ಗೆಲ್ಲಬಹುದು. ತಳಿಗೆ ಮಾತ್ರ ಬೇಡ. ಅಲ್ಲಿ ಯಾರಾದರೂ ಕೊಳ್ಳುತ್ತೇನೆ ಅಂದರೆ ಅದರ ಅಪ್ಪನ ಕಥೆ ಹೇಳಿಯೇ ಕೊಡಿ. ಕಣಕಾಲಿನ ಹೊರಮಗ್ಗುಲಲ್ಲಿ ಕೆಂಪು ಗೆರೆ ಓಡಿದ್ದರೆ ಗಾಬರಿ ಬೇಡ, ಕೆಂಪು ತಳಿಗಳ ಬಲಿತ ಹುಂಜಗಳಲ್ಲಿ ಅದು ಬರುವಂಥದ್ದೇ.

ಎರಡು ಮೂರು ದಿನ ಮೊದಲು ಮೈ ತೊಳೆಯಿರಿ. ಕಾಲನ್ನು ಬೆಚ್ಚಗಿನ ಸೋಪುನೀರಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮೇಲಿಂದ ಕೆಳಕ್ಕೆ ಉಜ್ಜಿ, ಹುರುಪೆಯ ಕೆಳಗೆ ಕೂತ ಕೊಳೆಯನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ, ಒಣಗಿದ ಮೇಲೆ ಒಂದೇ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಒರೆಸಿಬಿಡಿ. ಹುರುಪೆ ಎದ್ದು ಒರಟಾಗಿದ್ದರೆ ಅದು ಕೊಳೆಯಲ್ಲ, ಕಾಲಿನ ನುಸಿ. ಪಶುವೈದ್ಯರನ್ನು ಕೇಳಿ, ಆ ಕೋಳಿ ಈ ವರ್ಷ ಮನೆಯಲ್ಲೇ ಇರಲಿ. ಪುಲ್ಲೋರಮ್ ಎಂಬ ಕೋಳಿ ಸೋಂಕುರೋಗದ ಪರೀಕ್ಷೆಯ ಕಾಗದ ಬೇಕೇ, ಹಕ್ಕಿಜ್ವರದ ಕಾರಣಕ್ಕೆ ಏನು ನಿಯಮ ಹಾಕಿದ್ದಾರೆ ಎಂದು ಹೆಸರು ಕೊಡುವಾಗಲೇ ವಿಚಾರಿಸಿ. ತಿರುಗಿ ಬಂದ ಕೋಳಿಗಳನ್ನು ಕೆಲವು ವಾರ ಬೇರೆ ಗೂಡಿನಲ್ಲೇ ಇಡಿ.

ಇನ್ನು ಸಂತೆಯ ಹುಂಜ. ಅದನ್ನು ಮತ್ತೆ ಸಂತೆಗೆ ಒಯ್ದು ಇನ್ನೊಬ್ಬರ ಹಿತ್ತಲಿಗೆ ದಾಟಿಸಬೇಡಿ, ಅದು ನಿಮ್ಮ ಹತ್ತಿರ ಬಂದದ್ದೂ ಹಾಗೆಯೇ ಇರಬೇಕು. ಬಲಿತ ಹುಂಜದ ಮಾಂಸ ಗಟ್ಟಿ. ಕುಕ್ಕರಿನಲ್ಲಿ ಬ್ರಾಯ್ಲರಿಗೆ ಕೂಗಿಸುವುದಕ್ಕಿಂತ ನಾಲ್ಕೈದು ಕೂಗು ಹೆಚ್ಚು ಬೇಕಾಗುತ್ತದೆ. ಕಾಯಿ, ಧನಿಯಾ ಹುರಿದು ಅರೆದು ಹಾಕಿ, ಮುದ್ದೆ ಮಾಡಿಕೊಳ್ಳಿ.